ಶಟರ್ ಬಿದ್ದ ಮೇಲಿನ ಬ್ಯಾಂಕು

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು "ಎಲ್ಲಿ ಕೆಲಸ?" ಅಂತ ಕೇಳುತ್ತಾರೆ. ಬ್ಯಾಂಕು ಅಂದರೆ ಸಾಕು, ಸಾರು ಬಡಿಸುವ ಮೊದಲೇ ಮುಂದಿನ ಮಾತು ಬರುತ್ತದೆ: "ಆರಾಮ ಬಿಡಿ ಹಾಗಾದ್ರೆ, ನಾಲ್ಕು ಗಂಟೆಗೆ ಶಟರ್ ಎಳೆದು ಮನೆಗೆ." ಮೊದಮೊದಲು ವಾದಕ್ಕೆ ಇಳಿಯುತ್ತಿದ್ದೆ. ಈಗ ನಕ್ಕು ಸುಮ್ಮನಾಗುತ್ತೇನೆ. ಆದರೂ ಮಾತು ಒಳಗೆ ಕೊರೆಯುತ್ತಲೇ ಇರುತ್ತದೆ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. ಸಾಧಾರಣ ಮಂಗಳವಾರ ನಮ್ಮ ಶಾಖೆಯಲ್ಲಿ ನೂಕುನುಗ್ಗಲು ಏನೂ ಇರುವುದಿಲ್ಲ. ತಲೆ ಮೇಲೆ ಫ್ಯಾನು ತಿರುಗುತ್ತದೆ, ಕೂರಲು ಕುರ್ಚಿ ಇದೆ, ತಿಂಗಳ ಸಂಬಳ ತಪ್ಪುವುದಿಲ್ಲ. ಮಳೆಯಲ್ಲಿ ಬಗ್ಗಿ ನಾಟಿ ಮಾಡುವವರ ಎದುರು ನಿಂತು "ನಮಗೆ ಕೆಲಸದ ಒತ್ತಡ" ಅನ್ನೋಕೆ ನಾಚಿಕೆಯೇ ಆಗುತ್ತದೆ. ಹಾಗಿದ್ದರೂ ನನ್ನ ಜೊತೆ ಸೇರಿದವರಲ್ಲಿ ಬಿಪಿ ಮಾತ್ರೆ ತಿನ್ನದವರನ್ನು ಹುಡುಕಬೇಕು. ಭಾನುವಾರ ಸಂಜೆ ಆಯಿತು ಅಂದರೆ ಹೊಟ್ಟೆ ತೊಳಸುವವರು ಇದ್ದಾರೆ. ವಾಟ್ಸಾಪ್ ಟಿಣ್ ಅಂದರೆ ಊಟದ ತಟ್ಟೆ ಬಿಟ್ಟು ಏಳುವವರು ಇದ್ದಾರೆ.

ಇಷ್ಟು ಆರಾಮದ ಕೆಲಸ ಇಷ್ಟೊಂದು ಸುಸ್ತು ಮಾಡುವುದು ಹೇಗೆ? ಬಹಳ ದಿನದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಕೆಲಸ ಜಾಸ್ತಿ ಅನ್ನುವುದು ಇದಕ್ಕೆ ಪೂರ್ತಿ ಉತ್ತರ ಅಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಹೀಗೆ ಅನ್ನಿಸಲು ಕಾರಣ, ಕೆಲಸ ನಿಜವಾಗಿ ಮಿತಿ ಮೀರಿದ್ದ ಒಂದು ಕಾಲವನ್ನೂ ನಾನು ನೋಡಿದ್ದೇನೆ.

2016ರ ನವೆಂಬರ್

ಆಗ ಮಲೆನಾಡಿನ ಒಂದು ತಾಲೂಕು ಕೇಂದ್ರದಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದೆ. 8ನೇ ತಾರೀಕು ರಾತ್ರಿ 500, 1,000ದ ನೋಟು ರದ್ದು ಅಂತ ಟಿವಿಯಲ್ಲಿ ಸುದ್ದಿ ಬಂತು, 9ಕ್ಕೆ ಬ್ಯಾಂಕು ಬಂದ್, 10ರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಸಾಲು ರಸ್ತೆ ದಾಟಿ ಎದುರಿನ ಗೊಬ್ಬರದ ಅಂಗಡಿ ಮುಟ್ಟಿತ್ತು. ನವೆಂಬರ್ ಅಂದರೆ ಅಲ್ಲಿ ಅಡಿಕೆ ಕೊಯ್ಲು. ಮರ ಹತ್ತುವ ಕೊನೆಗಾರರಿಗೆ, ಸುಲಿಯುವವರಿಗೆ ವಾರಕ್ಕೊಮ್ಮೆ ಕೂಲಿ ಕೊಡಬೇಕು, ಅದೂ ನಗದಿನಲ್ಲೇ. ಖಾತೆಯಲ್ಲಿ ಲಕ್ಷ ಇದ್ದರೂ ವಾರಕ್ಕೆ ತೆಗೆಯಬಹುದಾದದ್ದು ಮೊದಲು 20,000, ಆಮೇಲೆ 24,000. ಕೌಂಟರಿನಲ್ಲಿ ಹಳೇ ನೋಟು ಬದಲಾಯಿಸುವ ಮಿತಿ 4,000 ಇದ್ದದ್ದು 4,500 ಆಯಿತು, ಮತ್ತೆ 2,000ಕ್ಕೆ ಇಳಿಯಿತು. ಬೆಳಿಗ್ಗೆ ಒಂದು ಸುತ್ತೋಲೆ, ಮಧ್ಯಾಹ್ನ ಇನ್ನೊಂದು. ನಡುವೆ ಬೆರಳಿಗೆ ಶಾಯಿ ಹಚ್ಚಿ ಅಂತ ಬಂತು. ಎಟಿಎಮ್ಮಿಗೆ ಹೊಸ 2,000ದ ನೋಟು ಕೂರುತ್ತಲೇ ಇರಲಿಲ್ಲ, ಟ್ರೇ ಅಳತೆಯೇ ಬೇರೆ. ಕೈಗೆ ಸಿಕ್ಕ ಗುಲಾಬಿ ನೋಟಿಗೆ ಊರಿನಲ್ಲಿ ಚಿಲ್ಲರೆ ಕೊಡುವವರಿಲ್ಲ.

ಒಬ್ಬ ರೈತರು, ನಮ್ಮಲ್ಲಿ ಹಳೇ ಖಾತೆ ಅವರದ್ದು, ಗಾಜಿನ ಕಿಂಡಿಗೆ ಬಾಯಿ ಹಚ್ಚಿ ಕೂಗಿದರು: "ಎಂತ ಮಾಡೂದು ಮೇಡಂ, ನೋಟು ಬದಲಾಯ್ತು ಅಂತ ಅಡಿಕೆ ಕಾಯ್ತದಾ?" ಹಿಂದೆ ನಿಂತವರೆಲ್ಲ ಗೊಳ್ ಅಂತ ನಕ್ಕರು. ನಾನೂ ನಕ್ಕೆ. ಮ್ಯಾನೇಜರು ಹೊರಗೆ ಬಂದರು. ಸಾಲಿನಲ್ಲಿದ್ದ ವಯಸ್ಸಾದವರನ್ನು ಒಳಗೆ ಬೆಂಚಿನ ಮೇಲೆ ಕೂರಿಸಿದರು. ಬಾಣಂತಿಯೊಬ್ಬಳನ್ನು ಮೊದಲು ಕಳಿಸಿದರು. ಕೂಲಿಗೆ ಬೇಕಾದವರಿಗೆ ನೂರರ ಕಟ್ಟು ಸ್ವಲ್ಪ ಎತ್ತಿಡಿ ಅಂತ ನನಗೆ ಸನ್ನೆ ಮಾಡಿದರು. ಈ ಯಾವುದಕ್ಕೂ ಅವರು ಮೇಲಿನವರನ್ನು ಕೇಳಲಿಲ್ಲ, ಕೇಳೋಣ ಅಂದರೂ ಮೇಲಿನವರ ಫೋನು ಸಿಗುತ್ತಿರಲಿಲ್ಲ.

ರಾತ್ರಿ ಕ್ಯಾಶ್ ಟ್ಯಾಲಿ ಆಗುವಷ್ಟರಲ್ಲಿ ಹತ್ತು ದಾಟುತ್ತಿತ್ತು. ಸ್ಪಂಜಿನ ಬಟ್ಟಲಿನ ನೀರು ಕಪ್ಪಾಗಿರುತ್ತಿತ್ತು. ಹೆಬ್ಬೆರಳಿನ ತುದಿ ಸುಲಿದು ಉರಿಯುತ್ತಿತ್ತು. ಒಂದು ದಿನ ಲೆಕ್ಕದಲ್ಲಿ ಮೂರು ಸಾವಿರ ಕಡಿಮೆ ಬಂತು. ಕ್ಯಾಶ್ ಶಾರ್ಟ್ ಬಂದರೆ ಕೌಂಟರಿನಲ್ಲಿ ಕೂತವರೇ ಕೈಯಿಂದ ಹಾಕಬೇಕು, ಅದು ಎಲ್ಲರಿಗೂ ಗೊತ್ತಿರುವ ನಿಯಮ. ಆ ರಾತ್ರಿ ಯಾರೂ ಏನೂ ಹೇಳದೆ ಆರು ಜನ ಐನೂರು ಐನೂರು ಇಟ್ಟು ಮುಗಿಸಿದರು. ಎದುರಿನ ಹೋಟೆಲಿನವರು ಕಳಿಸಿದ ಬನ್ಸು, ಟೀ ಆರಿ ಹೋಗಿತ್ತು, ಅದನ್ನೇ ತಿಂದು ಮನೆಗೆ ಹೋದೆವು. ಹಾಸಿಗೆಗೆ ಬಿದ್ದರೆ ಬೆಳಗಿನವರೆಗೆ ಎಚ್ಚರ ಇಲ್ಲ.

ಆ ದಿನಗಳು ಚೆನ್ನಾಗಿದ್ದವು ಅಂತ ಹೇಳುತ್ತಿಲ್ಲ. ಬೈಗುಳ ಬೇಕಾದಷ್ಟು ತಿಂದೆವು. ಸಾಲಿನಲ್ಲಿ ನಿಂತವರು ನಮಗಿಂತ ಹೆಚ್ಚು ಅನುಭವಿಸಿದರು. ಆದರೆ ನಿದ್ದೆ ಕೆಟ್ಟಿರಲಿಲ್ಲ, ಇದು ಮಾತ್ರ ನಿಜ. ಎದುರಿಗೆ ನಿಂತವರಿಗೆ ಏನು ಬೇಕು ಅಂತ ಗೊತ್ತಿತ್ತು, ಕೊಡುವುದು ನಮ್ಮ ಕೈಯಲ್ಲಿತ್ತು, ಕೊಟ್ಟ ಮೇಲೆ ಅವರು ಹೋಗುತ್ತಿದ್ದರು. ನನ್ನ ನಿದ್ದೆ ಕೆಟ್ಟದ್ದು ಅದಾದ ಎಷ್ಟೋ ವರ್ಷದ ಮೇಲೆ, ಖಾಲಿ ಬ್ಯಾಂಕಿನಲ್ಲಿ ಕೂತು.

ಓಟಿಪಿ

ಈಗ ನಾನಿರುವುದು ಬೇರೆ ಊರು. ಆಫೀಸರು ಅಂದ ಮೇಲೆ ಮೂರು ವರ್ಷಕ್ಕೊಮ್ಮೆ ಗಂಟು ಮೂಟೆ ಕಟ್ಟಬೇಕು, ಅದನ್ನು ವಿವರಿಸುವುದು ಬೇಡ. ಹೋದ ಸಲ ಇದ್ದ ಶಾಖೆಯಲ್ಲಿ ಪಕ್ಕದ ಮೇಜಿಗೆ ಒಬ್ಬ ಹುಡುಗ ಬಂದಿದ್ದ. ಆಂಧ್ರದವನು. ಓದಿದ್ದು ಇಂಜಿನಿಯರಿಂಗ್, ಪರೀಕ್ಷೆ ಬರೆದು ನೇರ ಆಫೀಸರಾದವನು. ಮೂರು ತಿಂಗಳಲ್ಲಿ ಕೆಲಸಕ್ಕೆ ಬೇಕಾದಷ್ಟು ಕನ್ನಡ ಕಲಿತ. ತಪ್ಪು ತಪ್ಪಾಗಿ ಮಾತಾಡಿದರೂ ಮುದುಕಿಯರೆಲ್ಲ ಅವನ ಮೇಜಿಗೇ ಹೋಗುತ್ತಿದ್ದರು.

ಫೆಬ್ರವರಿ ಕೊನೆ ಅದು. ಮಾರ್ಚ್ 31 ಹತ್ತಿರ ಬಂತು ಅಂದರೆ ದಿನಕ್ಕೊಂದು ಕ್ಯಾಂಪೇನ್: ಇವತ್ತು ಕಾಸಾ (ಚಾಲ್ತಿ, ಉಳಿತಾಯ ಖಾತೆ), ನಾಳೆ ಅಟಲ್ ಪಿಂಚಣಿ, ನಾಡಿದ್ದು ವಿಮೆ. ಅವತ್ತು ವಿಮೆ "ಲಾಗಿನ್ ಡೇ". ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಪಾಲಿಸಿ ಬೀಳಲೇಬೇಕು. ಮಧ್ಯಾಹ್ನ ಒಬ್ಬರು ಅಮ್ಮ ಬಂದರು. ತೀರಿಹೋದ ಗಂಡನ ನಿವೃತ್ತಿಯ ದುಡ್ಡನ್ನು ಎಫ್‌ಡಿ ಮಾಡಿಟ್ಟಿದ್ದರು, ಅದು ಅವತ್ತೇ ಮುಗಿಯುತ್ತಿತ್ತು. ರಿನ್ಯೂ ಮಾಡಿಸಲು ಬಂದವರು. ಹುಡುಗ ಫಾರಂ ತೆಗೆದ. ಅವನು ತೆಗೆದದ್ದು ಎಫ್‌ಡಿ ಫಾರಂ ಅಲ್ಲ. ಮಗನ ಹೆಸರಿನಲ್ಲಿ ಪಾಲಿಸಿ ಮಾಡಿಸಿದರೆ ಹೇಗೆ ಲಾಭ ಅಂತ ತಲೆ ತಗ್ಗಿಸಿ ಹೇಳುತ್ತಾ ಹೋದ. ಐದು ವರ್ಷ ಕಟ್ಟಬೇಕು ಅನ್ನುವುದನ್ನೂ ಹೇಳಿದ, ಸ್ವಲ್ಪ ಬೇಗ ಹೇಳಿದ. ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಕನ್ನಡಕ ಹುಡುಕುತ್ತಾ, "ನೀವು ಹೇಳಿದ ಮೇಲೆ ಸರಿಯೇ ಇರ್ತದೆ ಮಗ, ಎಲ್ಲಿ ಸೈನ್ ಹಾಕೂದು ತೋರ್ಸು" ಅಂದರು.

ಹುಡುಗನ ಪೆನ್ನು ಅಲ್ಲೇ ನಿಂತಿತು. ಆಮೇಲೆ ಜಾಗ ತೋರಿಸಿದ. ಓಟಿಪಿ ಹೋದದ್ದು ಬೆಂಗಳೂರಿನಲ್ಲಿದ್ದ ಮಗನ ಫೋನಿಗೆ. ಅಮ್ಮ ಮಗನಿಗೆ ಫೋನ್ ಹಚ್ಚಿ ಓಟಿಪಿ ಕೇಳಿದರೆ ಆ ಕಡೆಯಿಂದ ಜೋರು ದನಿ. ಯಾವ ಓಟಿಪಿ, ಯಾಕೆ, ಎಫ್‌ಡಿ ಮಾಡಿಸೋಕೆ ನನ್ನ ಓಟಿಪಿ ಯಾಕಮ್ಮ, ಫೋನ್ ಬ್ಯಾಂಕಿನವರಿಗೆ ಕೊಡು. ಹುಡುಗ ಫೋನ್ ತಗೊಂಡ. "ಸರಿ ಸರ್, ಬೇಡ ಸರ್, ಎಫ್‌ಡಿನೇ ಮಾಡ್ತೀನಿ ಸರ್" ಅಂದ. ಫೋನ್ ವಾಪಸ್ ಕೊಡುವಾಗ ನಾನು ಅವನ ಮುಖ ನೋಡಿದೆ. ಭುಜ ಇಳಿದಿತ್ತು. ಅವತ್ತು ಬೆಳಿಗ್ಗೆಯಿಂದ ಮೊದಲ ಸಲ ಅವನು ಸರಿಯಾಗಿ ಉಸಿರಾಡಿದ ಹಾಗೆ ಕಂಡಿತು. ಐದೇ ನಿಮಿಷದಲ್ಲಿ ಎಫ್‌ಡಿ ರಸೀದಿ ಮಾಡಿ ಕೊಟ್ಟ, ಬಡ್ಡಿ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಹಿಂದೆ ಬರೆದೂ ಕೊಟ್ಟ.

ಸಂಜೆ ಆರಕ್ಕೆ ವಿ.ಸಿ., ಅಂದರೆ ವಿಡಿಯೊ ಸಭೆ. ಆರ್.ಓ. (ರೀಜನಲ್ ಆಫೀಸು) ಕಡೆಯಿಂದ ಎಕ್ಸೆಲ್ ಶೀಟ್ ತೆರೆದು ಕೆಳಗಿನಿಂದ ಓದುತ್ತಾರೆ, ಸೊನ್ನೆ ಇದ್ದವರ ಹೆಸರು ಮೊದಲು. ಇವನ ಹೆಸರು ಬಂತು. "ಕಸ್ಟಮರ್ ಒಪ್ಪಲಿಲ್ಲ ಸರ್" ಅಂದ. ಆ ಕಡೆಯಿಂದ ಹಿಂದಿಯಲ್ಲಿ ಪ್ರಶ್ನೆ: ಒಪ್ಪದಿದ್ದದ್ದು ಕಸ್ಟಮರೋ ನೀನೋ? ಎಂಬತ್ತು ಚಿಲ್ಲರೆ ಶಾಖೆಗಳು ಕೇಳುತ್ತಿವೆ. ಇವನು ಮ್ಯೂಟ್ ಒತ್ತುವಂತಿಲ್ಲ. ರಾತ್ರಿ ಹನ್ನೊಂದರ ಒಳಗೆ ಒಂದು ಲಾಗಿನ್ ಆಗಬೇಕು ಅಂತ ಅಪ್ಪಣೆ ಆಯಿತು. ಕೊನೆಗೆ ಅವನು ತನ್ನ ತಂಗಿಯ ಹೆಸರಿನಲ್ಲಿ ತಾನೇ ಒಂದು ಪಾಲಿಸಿ ಕಟ್ಟಿದ. ಬ್ಯಾಂಕಿನವರ ಮನೆಗಳಲ್ಲಿ ಹೀಗೆ ಬೇಡದ ಪಾಲಿಸಿ ಒಂದೆರಡಾದರೂ ಸಿಗುತ್ತವೆ, ಕೇಳಿ ನೋಡಿ. ಅವನ ಡ್ರಾಯರಿನಲ್ಲಿ ಸ್ಟಾಂಪ್ ಪ್ಯಾಡಿನ ಪಕ್ಕ ಗ್ಯಾಸ್ ಮಾತ್ರೆಯ ಸ್ಟ್ರಿಪ್ ಇರುತ್ತಿತ್ತು. ವಯಸ್ಸು ಇನ್ನೂ ಇಪ್ಪತ್ತಾರು.

ಈ ಹುಡುಗನಿಗೆ ಅವತ್ತು ಕೆಲಸ ಜಾಸ್ತಿ ಇತ್ತಾ? ಇರಲಿಲ್ಲ. ಇಡೀ ದಿನ ಇಪ್ಪತ್ತು ಜನ ಬಂದಿದ್ದರೆ ಹೆಚ್ಚು.

"ನೀವು ಹೇಳಿದ ಮೇಲೆ ಸರಿಯೇ ಇರ್ತದೆ" ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ನಮ್ಮ ಕರಾವಳಿಯ ಕಡೆ ಬ್ಯಾಂಕುಗಳು ಬೆಳೆದದ್ದೇ ಈ ಮಾತಿನ ಮೇಲೆ. ಅವಿಭಜಿತ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು ಕೊಟ್ಟ ಪುಡಿಕಾಸು ಅದು. ಅವರಲ್ಲಿ ಎಷ್ಟೋ ಜನ ಬ್ಯಾಂಕಿನ ಒಳಗೆ ಕಾಲಿಟ್ಟವರಲ್ಲ, ಆದರೆ ಏಜೆಂಟರ ಮುಖ ಗೊತ್ತಿತ್ತು. ಆ ಐದರಲ್ಲಿ ವಿಜಯಾ 2019ರ ಏಪ್ರಿಲಿನಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲಿನಲ್ಲಿ ಬೇರೆ ಬ್ಯಾಂಕುಗಳ ಜೊತೆ ಸೇರಿ ಬೋರ್ಡು ಬದಲಾಯಿತು. ಬೋರ್ಡು ಬದಲಾದರೂ ಅಮ್ಮಂದಿರ ನಂಬಿಕೆ ಹಾಗೇ ಇದೆ. ಕೌಂಟರಿನ ಈ ಕಡೆ ಕೂತವರಿಗೆ ಈಗ ದಿನವೂ ಆ ನಂಬಿಕೆಯನ್ನೇ ಸ್ವಲ್ಪ ಸ್ವಲ್ಪ ಒಡೆದು ಮಾರಿ ಅಂತ ಹೇಳುತ್ತಿದ್ದಾರೆ. ವಿಮೆಯನ್ನು ತಪ್ಪು ಹೇಳಿ ಮಾರಬೇಡಿ, ನಿಮ್ಮ ಮೂಲ ಕೆಲಸ ನೋಡಿ ಅಂತ 2024ರ ನವೆಂಬರಿನಲ್ಲಿ ಹಣಕಾಸು ಸಚಿವೆಯೇ ಬ್ಯಾಂಕುಗಳಿಗೆ ಹೇಳಿದ್ದರು. ಸಂಜೆ ಆರರ ಎಕ್ಸೆಲ್ ಶೀಟಿಗೆ ಆ ಭಾಷಣ ತಲುಪಿದಂತಿಲ್ಲ.

ಲಂಡನ್ನಿನ ಗುಮಾಸ್ತರು

ಇದೆಲ್ಲ ನನ್ನೊಬ್ಬಳ ಅನಿಸಿಕೆ ಇರಬಹುದು ಅಂದುಕೊಂಡಿದ್ದೆ. ಆಮೇಲೆ ವೈಟ್‌ಹಾಲ್ ಅಧ್ಯಯನದ ಬಗ್ಗೆ ಓದಿದೆ. 1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ಶುರುವಾದದ್ದು, ಸುಮಾರು 18 ಸಾವಿರ ಗಂಡಸರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಹೆಚ್ಚಿನವರು ನಮ್ಮ ಹಾಗೇ ಕುರ್ಚಿ, ಸಂಬಳ, ಪಿಂಚಣಿ ಇದ್ದವರು. ದೊಡ್ಡ ಸಾಹೇಬರಿಗೆ ತಲೆಬಿಸಿ ಜಾಸ್ತಿ, ಹೃದಯಾಘಾತವೂ ಅವರಿಗೇ ಜಾಸ್ತಿ ಅನ್ನುವ ನಂಬಿಕೆ ಆಗ ಇತ್ತು, ಈಗಲೂ ಇದೆ. ಸಿಕ್ಕ ಉತ್ತರ ತಿರುಗುಮುರುಗು. ಹುದ್ದೆ ಒಂದೊಂದು ಮೆಟ್ಟಿಲು ಇಳಿದ ಹಾಗೆ ಹೃದ್ರೋಗದ ಸಾವು ಏರುತ್ತಾ ಹೋಗಿತ್ತು. ತೀರಾ ಕೆಳಗಿನ ದರ್ಜೆಯವರಲ್ಲಿ ತೀರಾ ಮೇಲಿನವರಿಗಿಂತ ಮೂರು ಪಟ್ಟು. ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿದರೂ ಈ ಅಂತರದ ಸ್ವಲ್ಪ ಭಾಗಕ್ಕಷ್ಟೇ ಕಾರಣ ಸಿಕ್ಕಿತು.

1985ರಲ್ಲಿ ಮೈಕೇಲ್ ಮಾರ್ಮಟ್ ಮತ್ತು ಜೊತೆಗಾರರು ಎರಡನೇ ಅಧ್ಯಯನ ಶುರು ಮಾಡಿದರು. ಈ ಸಲ ಹೆಂಗಸರೂ ಸೇರಿ 10 ಸಾವಿರಕ್ಕೂ ಹೆಚ್ಚು ಜನ. ಕೆಲಸದ ಬಗ್ಗೆ ನೇರ ಪ್ರಶ್ನೆ ಕೇಳಿದರು: ಯಾವಾಗ ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು ನೀವಾ, ಬೇರೆಯವರಾ? ತನ್ನ ಕೆಲಸದ ಮೇಲೆ ಹಿಡಿತ ಇಲ್ಲದವರಲ್ಲಿ ಹೃದ್ರೋಗ ಜಾಸ್ತಿ ಕಂಡಿತು. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಇದಕ್ಕೆ ಹತ್ತಿರದ ಮಾತು ಹೇಳಿದ್ದರು. ಬೇಡಿಕೆ ಜಾಸ್ತಿ ಇದ್ದು ತೀರ್ಮಾನದ ಸ್ವಾತಂತ್ರ್ಯ ಕಡಿಮೆ ಇದ್ದಾಗ ಆಗುವ ಒತ್ತಡವೇ ಕೆಟ್ಟದ್ದು ಅಂತ. ಓದುವಾಗ ನನಗೆ ನೆನಪಾದದ್ದು ನೂರರ ಕಟ್ಟು ಎತ್ತಿಡಿ ಅಂತ ಸನ್ನೆ ಮಾಡಿದ ಆ ಮ್ಯಾನೇಜರು. ಇವತ್ತಿನ ಮ್ಯಾನೇಜರಿಗೆ ಅಷ್ಟು ಮಾಡಲೂ ಮೂರು ಮೇಲ್ ಹಾಕಬೇಕು.

ಗಂಟೆಗಳ ಲೆಕ್ಕ ಮುಖ್ಯವೇ ಅಲ್ಲ ಅಂತ ಇದರರ್ಥ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಓ) ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣಕ್ಕೆ ಪಾರ್ಶ್ವವಾಯು, ಹೃದ್ರೋಗದಿಂದ ಸತ್ತವರು 7,45,000 ಜನ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದರೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35 ಜಾಸ್ತಿ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು, 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಬಂತು. ಇಬ್ಬರೂ ನಿಜವಾಗಿಯೂ ಅಷ್ಟು ದುಡಿದಿರಬಹುದು. ಆದರೆ ತನ್ನದೇ ಕಂಪನಿಗೆ ತಾನೇ ತೀರ್ಮಾನ ಮಾಡುತ್ತಾ ಕಳೆಯುವ ಎಪ್ಪತ್ತು ಗಂಟೆಗೂ ಮ್ಯೂಟ್ ಒತ್ತಲಾಗದ ವಿ.ಸಿ.ಯ ಒಂದು ಗಂಟೆಗೂ ಒಂದೇ ಗಡಿಯಾರ ಹಿಡಿದರೆ ಹೇಗೆ?

ಇದು ನಿಮಗೂ ತಟ್ಟುತ್ತದೆ

ಬ್ಯಾಂಕಿನವರು ಮುಖ ಕೊಟ್ಟು ಮಾತಾಡಲ್ಲ, ಊಟದ ನಂತರ ಬನ್ನಿ ಅಂತಾರೆ ಅನ್ನುವ ಜೋಕು ನೀವೂ ಫಾರ್ವರ್ಡ್ ಮಾಡಿರುತ್ತೀರಿ. ಜೋಕು ಪೂರ್ತಿ ಸುಳ್ಳಲ್ಲ, ಸೋಮಾರಿಗಳು ನಮ್ಮಲ್ಲೂ ಇದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದಾಗ ಮೂರು ಲಕ್ಷಣ ಕೊಟ್ಟಿತು. ಒಂದು, ಬಳಲಿಕೆ. ಎರಡು, ಕೆಲಸದಿಂದ ಮನಸ್ಸು ದೂರವಾಗುವುದು, ಅದರ ಬಗ್ಗೆ ತಾತ್ಸಾರ ಬರುವುದು. ಮೂರು, ಮಾಡಿದ್ದು ಸರಿಯಾಗುತ್ತಿಲ್ಲ ಅನ್ನಿಸುವುದು. ಎರಡನೆಯದನ್ನು ನಾನು ಕೌಂಟರುಗಳಲ್ಲಿ ದಿನವೂ ನೋಡುತ್ತೇನೆ. ಒಳ್ಳೆಯ ಹುಡುಗಿ, ಸೇರಿದಾಗ ಅಜ್ಜಂದಿರಿಗೆ ಚಲನ್ ತುಂಬಿ ಕೊಡುತ್ತಿದ್ದವಳು, ನಾಲ್ಕು ವರ್ಷದಲ್ಲಿ ತಲೆ ಎತ್ತದೆ "ಪಕ್ಕದ ಕೌಂಟರ್" ಅನ್ನುವುದನ್ನು ಕಲಿಯುತ್ತಾಳೆ. ಗಿರಾಕಿ ಅಂದರೆ ಒಂದೋ ಟಾರ್ಗೆಟ್ಟು, ಇಲ್ಲವೇ ಟಾರ್ಗೆಟ್ಟಿಗೆ ಅಡ್ಡ ಬರುವ ಪಾಸ್‌ಬುಕ್ ಎಂಟ್ರಿ. ಇದರ ನಡುವೆ ಕೌಂಟರ್ ಎರಡಿದ್ದದ್ದು ಒಂದಾಗಿದೆ, ನಿವೃತ್ತಿಯಾದ ಗುಮಾಸ್ತರ ಜಾಗಕ್ಕೆ ಹೊಸಬರು ಬಂದಿಲ್ಲ.

ಆ ಆಂಧ್ರದ ಹುಡುಗ ಈಗ ಎಲ್ಲಿದ್ದಾನೆ ಗೊತ್ತಾ? ಆರ್.ಓ.ನಲ್ಲಿ. ಆ ಎಕ್ಸೆಲ್ ಶೀಟ್ ಮಾಡುವವನು ಈಗ ಅವನೇ. ಒಮ್ಮೆ ಫೋನಿನಲ್ಲಿ ರೇಗಿಸಿದೆ, "ನಮ್ಮ ಶಾಖೆಯನ್ನ ಸ್ವಲ್ಪ ಮೇಲೆ ಹಾಕಪ್ಪ" ಅಂತ. "ಮೇಡಂ, ಐದೂವರೆಗೆ ನಮಗೇ ಒಂದು ವಿ.ಸಿ. ಇರ್ತದೆ, ನಮ್ಮ ಮೇಲಿನ ಸರ್ಕಲ್ ಆಫೀಸಿನ ಕಡೆಯಿಂದ. ಅಲ್ಲಿ ನಮ್ಮ ಸಾಹೇಬರು ಬೈಸ್ಕೊಂಡು ಬಂದು ಆರಕ್ಕೆ ನಿಮ್ಮನ್ನ ತಗೋತಾರೆ" ಅಂದ. ಅವನ ಕನ್ನಡ ಚೆನ್ನಾಗಿ ಕುದುರಿದೆ. 2023ರ ಜೂನಿನಲ್ಲಿ ಕೋಲ್ಕತ್ತದ ಖಾಸಗಿ ಬ್ಯಾಂಕಿನ ಅಧಿಕಾರಿಯೊಬ್ಬರು ಇಂಥದ್ದೇ ಕರೆಯಲ್ಲಿ ಕಿರುಚಿದ ವಿಡಿಯೊ ಹರಿದಾಡಿ ಅವರ ಅಮಾನತು ಆಯಿತು. ಎಲ್ಲರೂ ಅವರನ್ನು ರಾಕ್ಷಸ ಅಂದರು. ಅದಕ್ಕೆ ಅರ್ಧ ಗಂಟೆ ಮೊದಲು ಅವರು ಯಾವ ಕರೆಯಲ್ಲಿ ಕೂತಿದ್ದರೋ ಅನ್ನುವುದು ನನ್ನ ಕುತೂಹಲ.

ಭಾನುವಾರದ ವೆಬಿನಾರ್

ನಮಗೆ ಒತ್ತಡ ಇದೆ ಅಂತ ಮೇಲಿನವರಿಗೆ ಗೊತ್ತಿಲ್ಲ ಅಂತಲ್ಲ. ಒತ್ತಡ ನಿರ್ವಹಣೆಯ ಬಗ್ಗೆ ಒಂದು ವೆಬಿನಾರ್ ಇಟ್ಟಿದ್ದರು, ಭಾನುವಾರ ಬೆಳಿಗ್ಗೆ. ಹಾಜರಿ ಕಡ್ಡಾಯ. ಮೂಗು ಮುಚ್ಚಿ ಉಸಿರಾಡಿಸಿದರು, ಕೃತಜ್ಞತೆಯ ಡೈರಿ ಬರೆಯಿರಿ ಅಂದರು. ಮುಗಿದ ಮೇಲೆ ಎಷ್ಟು ಜನ ಲಾಗಿನ್ ಆಗಿಲ್ಲ ಅಂತ ಪಟ್ಟಿ ಬಂತು. ಸುಳ್ಳಲ್ಲ, ಪಟ್ಟಿ ಕೆಳಗಿನಿಂದಲೇ ಇತ್ತು.

ಪ್ರಾಣಾಯಾಮವನ್ನು ಗೇಲಿ ಮಾಡುತ್ತಿಲ್ಲ, ನನಗೆ ಅದರಿಂದ ನಿದ್ದೆಗೆ ಉಪಕಾರ ಆಗಿದೆ. ವೈದ್ಯರ ಹತ್ತಿರ ಹೋಗುವುದನ್ನೂ ತಳ್ಳಿಹಾಕುತ್ತಿಲ್ಲ. ಮನಸ್ಸು ತೀರಾ ಕುಗ್ಗಿದವರು ದಯವಿಟ್ಟು ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ನಮ್ಮ ನೋಟಿಸ್ ಬೋರ್ಡಿನಲ್ಲಿ ಆ ನಂಬರನ್ನು ನಾನೇ ಅಂಟಿಸಿದ್ದೇನೆ. ಆದರೆ ಹೊಗೆ ಕಾರುವ ಒಲೆ ಹಾಗೇ ಇಟ್ಟು ಅಡುಗೆಯವಳಿಗೆ ಕೆಮ್ಮಿನ ಔಷಧಿ ಕೊಡುತ್ತಾ ಹೋದರೆ ಎಷ್ಟು ದಿನ ಅಂತ?

ನಮ್ಮ ಯೂನಿಯನ್ನುಗಳು ಕೇಳುತ್ತಿರುವುದು ಐದು ದಿನದ ವಾರ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ರಜೆ ಇದೆ. ಉಳಿದ ಶನಿವಾರಗಳನ್ನೂ ಕೊಡುವ ಬಗ್ಗೆ 2024ರ ಮಾರ್ಚಿನಲ್ಲಿ ವೇತನ ಒಪ್ಪಂದದ ಹೊತ್ತಿಗೆ ಆಡಳಿತದವರು ಒಪ್ಪಿದರು, ಆಮೇಲೆ ಮಾತು ಸರ್ಕಾರದ ಅಂಗಳಕ್ಕೆ ಹೋಯಿತು. ಸಿಕ್ಕರೆ ಖುಷಿಯೇ, ಬೇರೆ ಊರಲ್ಲಿ ಮನೆ ಮಾಡಿಕೊಂಡಿರುವ ನನ್ನಂಥವರಿಗೆ ಎರಡು ದಿನ ಮಕ್ಕಳ ಮುಖ ನೋಡಿದ ಹಾಗಾಗುತ್ತದೆ. ಆದರೆ ಶನಿವಾರ ಶಟರ್ ತೆರೆಯದಿದ್ದರೂ ವಾಟ್ಸಾಪ್ ತೆರೆದೇ ಇರುತ್ತದಲ್ಲ. ನನಗೆ ರಜೆಗಿಂತ ಮೊದಲು ಬೇಕಾದದ್ದು ಬೇರೆ. ವಿಮೆ ಮಾರುವವರು ಬೇರೆ ಮೇಜಿನಲ್ಲಿ ಕೂರಲಿ, ಠೇವಣಿಯ ಕೌಂಟರಿನಲ್ಲಿ ಕೂತವರ ಹೆಸರಿಗೆ ಪಾಲಿಸಿ ಲೆಕ್ಕ ಬೇಡ. ಸಂಜೆಯ ಪಟ್ಟಿಯಲ್ಲಿ ಶಾಖೆಯ ಹೆಸರಿರಲಿ, ಮನುಷ್ಯರ ಹೆಸರು ಬೇಡ. ಖಾಲಿ ಬಿದ್ದಿರುವ ಗುಮಾಸ್ತರ ಕುರ್ಚಿಗೆ ಜನ ಬರಲಿ.

ಹೋದ ಸಲದ ಯೂನಿಯನ್ ಸಭೆಯಲ್ಲಿ ಇದನ್ನೇ ಹೇಳಿದೆ. ಹಿರಿಯರೊಬ್ಬರು ನಕ್ಕು, "ಅದೆಲ್ಲ ಪಾಲಿಸಿ ಮ್ಯಾಟರ್ ಮೇಡಂ, ರಜೆಯಾದ್ರೆ ಕೇಳೋದು ಸುಲಭ" ಅಂದರು. ಸುಲಭ ಅನ್ನುವುದು ಸರಿ, ಒಪ್ಪಿದೆ. ಮುಂದಿನ ಸಭೆ ಜಿಲ್ಲಾ ಕೇಂದ್ರದಲ್ಲಿ, ಬರುವ ಎರಡನೇ ಶನಿವಾರ. ಅಲ್ಲೂ ಇದನ್ನೇ ಕೇಳುವವಳಿದ್ದೇನೆ. ಹಿಂದಿನ ಸಾಲಿನಲ್ಲಿ ಕೂರುವ ಹುಡುಗ ಹುಡುಗಿಯರು ಈ ಸಲವಾದರೂ ಬಾಯಿ ಬಿಡುತ್ತಾರಾ ನೋಡಬೇಕು.